ಕೊಳದ ಬದಿಯ ಕುರ್ಚಿ

ಈಜುಕೊಳದಲ್ಲಿ ಕೆಲಸ ಮಾಡುವ ನಾನು ಹೆಚ್ಚಿನ ದಿನ ಒಣಗಿದ ಕೂದಲಲ್ಲೇ ಮನೆಗೆ ಮರಳುತ್ತೇನೆ. ಇದನ್ನು ಕೇಳಿದವರಿಗೆ ನಿರಾಸೆಯಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು "ಎಷ್ಟು ಜನರನ್ನು ಉಳಿಸಿದ್ದಿ?" ಎಂದು ಉತ್ಸಾಹದಿಂದ ಕೇಳುತ್ತಾರೆ. "ಮುಳುಗದ ಹಾಗೆ ನೋಡಿಕೊಳ್ಳುತ್ತೇನೆ" ಎಂದರೆ ಅವರ ಗಮನ ಪಾಯಸದ ಕಡೆಗೆ ತಿರುಗುತ್ತದೆ.

ಅಮ್ಮನ ತಕರಾರು ಬೇರೆ. "ಫಿಸಿಕ್ಸಲ್ಲಿ ಎಂ.ಎಸ್ಸಿ ಮಾಡಿದ್ದು ಸೀಟಿ ಊದ್ಲಿಕ್ಕಾ ಮಾರಾಯ್ತಿ?" ನಾನು ವಾದ ಮಾಡುವುದಿಲ್ಲ, ವಾದ ನನಗೆ ಬಾರದ ವಿದ್ಯೆ. ಆದರೆ ಬಿಸಿಲು ಏರಿದಂತೆ ನೀರಿನ ಮೇಲಿನ ಹೊಳಪು ತಳವನ್ನು ಮರೆಮಾಡುತ್ತದೆ, ಅದಕ್ಕೆ ಸರಿಯಾಗಿ ನಾನು ಕುರ್ಚಿಯನ್ನು ಸರಿಸುತ್ತಾ ಹೋಗುತ್ತೇನೆ. ಕಲಿತ ಬೆಳಕಿನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಬಳಸುವವರು ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬರಿಲ್ಲವೆಂದು ನನ್ನ ನಂಬಿಕೆ.

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕೊಳವಿತ್ತು, ಹೆಂಗಸರೂ ಇದ್ದರು. ಆದರೆ ಕೊಳ ಕಾಯುವ ಗಾರ್ಡ್ ಗಂಡಸು ಎಂದು ಅವರು ದಡದಲ್ಲಿ ಕೂತು ಪಾದ ಮಾತ್ರ ಇಳಿಬಿಡುತ್ತಿದ್ದರು. ಚಿಕ್ಕಂದಿನಿಂದ ಈಜುತ್ತಿದ್ದ ನನಗೆ ಆ ಪಾದಗಳ ಸಾಲು ನೋಡಿ ಸಂಕಟವಾಗುತ್ತಿತ್ತು. ಹಾಗಾಗಿ ಥಾಣೆ ಜಂಕ್ಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ನವಿ ಮುಂಬಯಿಗೆ ಹೋಗಿ ಲೈಫ್‌ಗಾರ್ಡ್ ತರಬೇತಿ ಪಡೆದೆ.

ಅಲ್ಲಿನ ಮೊದಲ ಅಭ್ಯಾಸದಲ್ಲಿ ಒಬ್ಬ ದಢೂತಿ ಹುಡುಗ ಮುಳುಗುವವನ ಪಾತ್ರ ಮಾಡಿದ. ಸೀಟಿ ಕೇಳಿದ್ದೇ ನಾನು ಧುಮುಕಿದೆ. ಅವನು ಪಾತ್ರದಲ್ಲಿ ಎಷ್ಟು ತಲ್ಲೀನನಾಗಿದ್ದನೆಂದರೆ ನನ್ನ ಕುತ್ತಿಗೆಯನ್ನೇ ಅಪ್ಪಿಕೊಂಡ. ಇಬ್ಬರೂ ತಳ ಸೇರಿದೆವು. ಮೇಲೆ ಬಂದಾಗ ಕೋಚ್ ತಣ್ಣಗೆ ಹೇಳಿದರು: "ವಾಹ್ ಮೇಡಂ, ಈಗ ಇಬ್ಬರನ್ನು ಎತ್ತಬೇಕು. ಪೆಹಲೆ ಡಂಡಾ, ಬಾದ್ ಮೇ ಬಂದಾ!" ಮೊದಲು ಕೋಲು, ಆಮೇಲೆ ಆಳು. ದಡದಿಂದ ಕೋಲು ಚಾಚಿ ಎಳೆಯಬಹುದಾದರೆ ನೀರಿಗೆ ಇಳಿಯಬಾರದು. ಶೌರ್ಯದ ಬಗ್ಗೆ ನನಗಿದ್ದ ಕಲ್ಪನೆಯೆಲ್ಲ ಆ ದಿನ ಕ್ಲೋರಿನ್ ನೀರಿನೊಂದಿಗೆ ಮೂಗಿನಿಂದ ಹೊರಬಂತು.

ಅಲ್ಲಿ ಕಲಿತ ಇನ್ನೊಂದು ಸಂಗತಿ: ಮುಳುಗುವವರು ಸಿನಿಮಾದಲ್ಲಿ ಕೂಗಿದಂತೆ ಕೂಗುವುದಿಲ್ಲ. ಬಾಯಿಗೆ ಉಸಿರಾಟದ ಕೆಲಸವೇ ಸಾಕಾಗಿರುವಾಗ ಮಾತಿಗೆ ಬಿಡುವೆಲ್ಲಿ? ಗಲಾಟೆ ಮಾಡುವವರು ಕ್ಷೇಮ, ಸುಮ್ಮನಾದವರನ್ನು ನೋಡಬೇಕು. ಜೀವನವಿಡೀ "ಈ ಹುಡುಗಿ ಮಾತೇ ಆಡುವುದಿಲ್ಲ" ಎಂದು ಅನ್ನಿಸಿಕೊಂಡ ನನಗೆ ಈ ವಿದ್ಯೆ ಬೇಗ ಒಲಿಯಿತು.

ತರಬೇತಿ ಮುಗಿಸಿ ಬಂದು ಕೇಳಿದಾಗ ಸೊಸೈಟಿಯ ಕಮಿಟಿಯವರು, ನಾನೇ ಗಾರ್ಡ್ ಆಗಿರುವ ಲೇಡೀಸ್ ಬ್ಯಾಚಿಗೆ ಒಂದು ತಿಂಗಳ ಅವಕಾಶ ಕೊಟ್ಟರು. ಜನ ಬಾರದಿದ್ದರೆ ಬಂದ್. ಆದರೆ ಜನ ಬಂದರು. ಎಲ್ಲರಿಗಿಂತ ಮುಂದೆ ಧಾರವಾಡ ಕಡೆಯ ಸವಿತಕ್ಕ. ಕೊಳದ ಅಂಚಿನ ಕಂಬಿ ಹಿಡಿದು ಎದೆಮಟ್ಟದ ನೀರಲ್ಲಿ ನಡೆಯುವುದು, ನಡೆಯುವಷ್ಟು ಹೊತ್ತೂ ಮಾತಾಡುವುದು ಅವರ ವ್ಯಾಯಾಮ.

"ಏ ತಂಗಿ, ಹಂಗ ಒಂದ ಸಮ ನೋಡಬ್ಯಾಡ, ನಾಚಿಕಿ ಬರತೈತಿ!"

"ನೋಡುದೇ ನನ್ನ ಕೆಲಸ ಅಕ್ಕ."

"ಛಲೋ ಕೆಲಸ ಹಿಡದಿ ಬಿಡು!"

ಒಂದು ಬೆಳಿಗ್ಗೆ ಅವರು ತಮ್ಮ ನಾದಿನಿಯೊಬ್ಬಳು ಟಿಟ್ವಾಳಾದಲ್ಲಿ ಕೊಂಡ ಫ್ಲ್ಯಾಟಿನ ವರ್ಣನೆಯಲ್ಲಿದ್ದರು. ಮಾತು ಬಾಲ್ಕನಿಯ ತನಕ ಬಂದದ್ದು ಕೇಳಿಸಿತು. ಮುಂದಿನದು ಕೇಳಿಸಲಿಲ್ಲ. ತಿರುಗಿ ನೋಡಿದೆ. ಕಂಬಿಯಿಂದ ಕೈ ಜಾರಿ, ತಳದ ಇಳಿಜಾರಿನಲ್ಲಿ ಅವರು ಆಳಕ್ಕೆ ಸರಿದಿದ್ದರು. ಮುಖ ಆಕಾಶಕ್ಕೆ, ಎರಡೂ ಕೈ ರೊಟ್ಟಿ ತಟ್ಟಿದ ಹಾಗೆ ನೀರನ್ನು ಒತ್ತುತ್ತಿದ್ದವು. ಒಂದು ಸದ್ದಿಲ್ಲ. ಪಕ್ಕದಲ್ಲೇ ಇದ್ದ ಗೆಳತಿಯರು ನಗುತ್ತಿದ್ದರು.

ಕೋಲು ಚಾಚಿ ಅವರ ಎದೆಗೆ ತಾಗಿಸಿದೆ. ಅವರು ಹಿಡಿದರು, ನಾನು ಎಳೆದೆ. ಅಷ್ಟೇ. ನನ್ನ ಪ್ಯಾಂಟಿನ ಅಂಚು ಕೂಡ ಒದ್ದೆಯಾಗಲಿಲ್ಲ.

"ಯವ್ವಾ, ಕರೀಬೇಕಂದೆ, ಬಾಯೇ ಏಳಲಿಲ್ಲವ್ವಾ" ಎಂದು ಅವರು ಕೆಮ್ಮುತ್ತಾ ಹೇಳಿದರು.

"ಅಯ್ಯೋ, ನಾವು ಫ್ಲೋಟಿಂಗ್ ಮಾಡ್ತಿದ್ದೀರಿ ಅಂದ್ಕೊಂಡ್ವಿ!" ಎಂದಳು ಗೆಳತಿ.

ಡಾಕ್ಟರು ನೋಡಿ, ಉಸಿರಾಟ ಸರಿಯಿದೆಯೆಂದು ಅವರನ್ನು ಮನೆಗೆ ಕಳಿಸಿದರು. ಸಂಜೆ ಸೊಸೈಟಿಯ ಸೆಕ್ರೆಟರಿ ನನ್ನ ಬಳಿ ಬಂದರು. ನನ್ನ ತಪ್ಪೇನೂ ಕಾಣಲಿಲ್ಲ ಎಂದರು. "ಆದರೆ ಮನೆಯವರು ಇನ್ನು ತಮ್ಮ ಹೆಂಗಸರನ್ನು ಕಳಿಸುವುದಿಲ್ಲ. ನಾಳೆ ನೋಡೋಣ, ಬಾರದಿದ್ದರೆ ಬ್ಯಾಚ್ ಮುಗಿಯಿತು."

ಮರುದಿನ ಕೊಳ ಖಾಲಿ. ಅಲುಗದ ನೀರು ಅಷ್ಟು ಚೆನ್ನಾಗಿ ತಳ ತೋರಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾವ ಗಾರ್ಡಿಗೂ ಅದಕ್ಕಿಂತ ಸುರಕ್ಷಿತ ದೃಶ್ಯ ಬೇರೆಯಿಲ್ಲ. ನನಗೆ ಮಾತ್ರ ಅಳು ಬರುವಂತಾಗಿತ್ತು.

ಆಗ ಬಾಗಿಲಲ್ಲಿ ಈಜುಟೋಪಿ ಹಾಕಿಕೊಂಡ ಸವಿತಕ್ಕ. ಹಿಂದೆ, ಅವರ ಬೆನ್ನಿಗೆ ಅಡಗಿದಂತೆ, ಉಳಿದವರು.

"ತಂಗಿ, ಕೋಲು ಐತೇನ?"

"ಇಲ್ಲೇ ಉಂಟು ಅಕ್ಕ."

"ಹಂಗಾರ ಇಳೀತೇನಿ. ನಮ್ಮನಿಯವರು ಬ್ಯಾಡಂದ್ರು. ಅಲ್ಲೊಬ್ಬಾಕಿ ನನ್ನ ಮಾತು ನಿಂತದ್ದು ಕೇಳತಾಳ, ನೀವು ಯಾವತ್ತರ ಕೇಳೀರೇನು ಅಂದೆ. ಟೋಪಿ ಹಾಕ್ಕೊಂಡು ಬಂದೆ."

ಕಂಬಿ ಬಿಗಿಯಾಗಿ ಹಿಡಿದು ಮೆಟ್ಟಿಲಿಳಿದರು. ಎದೆಮಟ್ಟಕ್ಕೆ ಬಂದು ಒಮ್ಮೆ ನಿಂತು, ಕಣ್ಣು ಮುಚ್ಚಿ ತೆರೆದರು. ಆಮೇಲೆ ಗೆಳತಿಯರ ಕಡೆ ತಿರುಗಿ, "ಎಲ್ಲೀತನಾ ಬಂದಿದ್ದೆ? ಹಾಂ, ಬಾಲ್ಕನಿ" ಎಂದರು.

ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯ ಟೈಲ್ಸು, ಟೈಲ್ಸಿನ ಬಣ್ಣಕ್ಕೆ ನಾದಿನಿ ಮತ್ತು ಅವಳ ಗಂಡನ ನಡುವೆ ಎದ್ದ ಜಗಳ. ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಒಂದಕ್ಷರ ಬಿಡದೆ ಕೇಳಿದೆ. ಆ ಮನೆಯನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಅದಕ್ಕೆ ಇನ್ನೂ ಎರಡು ಕೋಣೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಾತ್ರ ಅನ್ನಿಸಿತು.