ಚಿಲಕದ ಹಾಡು ಕಟ್ಟಿದವಳು

ಕಾವೇರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಸಿಟ್ಟನ್ನು ಅವಳೇನು ತಾಯಿಯ ಹೊಟ್ಟೆಯಿಂದ ತಂದವಳಲ್ಲ, ಕಂಡಕಂಡವರು ಕಲಿಸಿ ಕಳಿಸಿದ್ದು.

ಮೊದಲ ಪಾಠ ಆದದ್ದು ಇಂಡಿ ಪಟ್ಟಣದ ಒಂದು ಖಾಸಗಿ ಹಾಸ್ಟೆಲ್ಲಿನಲ್ಲಿ. ಲಚ್ಯಾಣದಿಂದ ಹೈಸ್ಕೂಲು ಓದಲು ಬಂದ ಕಾವೇರಿ ಅಲ್ಲಿ ಉಳಿದಿದ್ದಳು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹೇಳಹೋದರೆ ವಾರ್ಡನ್ ಅಕ್ಕೋರು, "ನಿಮ್ಮನ್ನ ಯಾರ ನೋಡ್ತಾರ ಬಿಡ್ರೆವಾ, ದೊಡ್ಡ ಮಾರಾಣಿಗೋಳು!" ಎಂದು ನಕ್ಕರು. ನೋಡಿದವನು ಒಬ್ಬನಿದ್ದ, ಹಾಸ್ಟೆಲ್ಲಿನ ಕೆಲಸದವನೇ. ನೋಡಿಸಿಕೊಂಡ ಹುಡುಗಿ, ಕಾವೇರಿಯ ಜೊತೆಯವಳು, ಸಾಲಿ ಬಿಟ್ಟು ಊರಿಗೆ ಹೋದಳು. ನೋಡಿದವನು ಅಲ್ಲೇ ಉಳಿದ, ಸಂಬಳವನ್ನೂ ತೆಗೆದುಕೊಂಡ. ಇದು ಯಾವ ಊರಿನ ನ್ಯಾಯವೋ ನನಗಂತೂ ತಿಳಿಯದು.

ಗಿಟಾರು ಕೈಗೆ ಬಂದದ್ದು ಆಮೇಲೆ, ಸಿಂದಗಿಯಲ್ಲಿ. ಅಲ್ಲಿ ಅವಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಸಂಜೆ ಅಂಗಡಿ ಬಾಗಿಲು ಹಾಕಿಕೊಂಡು, ಫೋನು ನೋಡಿ ನೋಡಿ ಗಿಟಾರು ಕಲಿತಳು. ಆಲಮೇಲದಿಂದ ಬಸ್ಸು ಹಿಡಿದು ಮುಕ್ತಾರ ಬರುತ್ತಿದ್ದ. ಮೊಹರಮಿನ ಹಲಗೆ ಬಾರಿಸಿ ಕೈ ಪಳಗಿದವನು, ಈಗ ಡ್ರಮ್ಮಿನ ಮುಂದೆ ಕೂತಿದ್ದ. ಇಬ್ಬರೂ ಸೇರಿ ತಮ್ಮ ರಾಕ್ ಬ್ಯಾಂಡಿಗೆ 'ಜಾಲಿಮುಳ್ಳು' ಎಂದು ಹೆಸರಿಟ್ಟರು.

ಮೊದಲ ಕಾರ್ಯಕ್ರಮದ ಫಜೀತಿ ಕೇಳಬೇಡಿ! ಗಿಟಾರು ಗರ್ರೆಂದು ಗರ್ಜಿಸಿದ್ದೇ ತಡ, ಸೌಂಡ್ ಸಿಸ್ಟಮ್ಮಿನ ಯಜಮಾನ ವೇದಿಕೆಗೇ ಓಡಿ ಬಂದ.

"ಏ ತಂಗಿ, ಬಂದ್ ಮಾಡ! ಸ್ಪೀಕರ್ ಹರದೈತಿ!"

"ಹರದಿಲ್ರಿ ಮಾಮಾ. ಅದರ ದನಿನ ಹಂಗ ಇರಬೇಕ್ರಿ."

"ಹಂಗ ಇರಬೇಕಂದ್ರ ನನ್ನ ಸ್ಪೀಕರ್ ಯಾಕ ತರಸಿದಿ? ಒಂದು ತಗಡು ತಗೊಂಡು ಬಡೀಬೇಕಿಲ್ಲೊ!"

ಜನ ಬಿದ್ದು ಬಿದ್ದು ನಕ್ಕರು. ಆದರೆ ಕಾವೇರಿ ಬಾಯಿ ತೆಗೆದು ತನ್ನ ಹಾಡು ಹಾಡಿದಾಗ ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಕ್ಕಳ ನಗು ನಿಂತಿತು.

ಬಾಗಲಿಗಿ ಚಿಲಕಿಲ್ಲ, ಬೆನ್ನ ಚಿಲಕಾಗೈತಿ
ಬೆನ್ನ ಸರಿದರ ಕಣ್ಣು, ಆ ಕಣ್ಣಿಗಿ ಚಿಲಕೆಲ್ಲೈತಿ?

ಆ ಹಾಡು ಹುಡುಗಿಯರ ಬಾಯಿಂದ ಬಾಯಿಗೆ ಹೋಯಿತು. ಒಂದು ಕಾಲೇಜಿನಲ್ಲಿ ಅವರು ಪ್ರಿನ್ಸಿಪಾಲರ ಕೋಣೆಯ ಮುಂದೆ ಕೂತು ಅದನ್ನೇ ಹಾಡಿ, ಬಡಿಗನನ್ನು ಕರೆಸಿ ಚಿಲಕ ಹಾಕಿಸಿಕೊಂಡೇ ಎದ್ದರಂತೆ. ಕಾವೇರಿಗೆ ಅದಕ್ಕಿಂತ ದೊಡ್ಡ ಬಹುಮಾನ ಇನ್ನೊಂದು ಬಂದಿಲ್ಲ. ಬೆಂಗಳೂರಿನವರೂ ಒಮ್ಮೆ ಕರೆದರು. ಕರೆದವರು, "ಇಳಕಲ್ ಸೀರೆ ಉಟ್ಟು ಬನ್ನಿ ಮೇಡಂ, ಜನಪದದ ಸೊಗಡು ಇರಲಿ" ಎಂದರು. ಅವಳು ಅಂಗಡಿಯಲ್ಲಿ ಬೆಸುಗೆಯ ಹನಿ ಸಿಡಿದು ತೂತಾದ ಜೀನ್ಸಿನಲ್ಲೇ ಹೋಗಿ ಹಾಡಿ ಬಂದಳು. ಮತ್ತೆ ಅವರು ಕರೆಯಲಿಲ್ಲ. ಕರೆಯದಿದ್ದರೆ ಕತ್ತೆ ಬಾಲ.

ಇಷ್ಟೆಲ್ಲ ತಡೆದುಕೊಂಡಳು. ತಡೆಯಲಾಗದ್ದು ಮುದ್ದೇಬಿಹಾಳದಿಂದ ಬಂತು.

ಅಲ್ಲಿ ಕಾಂತು ಎಂಬವನು ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ಸಿಕ್ಕ ಹಾಡಿಗೆ ಡಿಜೆ ಬಡಿತ ಸೇರಿಸಿ, ಜನಪದ ಎಂದು ಬಿಡುವುದು ಅವನ ದಂಧೆ. ಒಂದು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಯ ಫೋನಿನಲ್ಲಿ ಕಾವೇರಿಗೆ ತನ್ನದೇ ಧಾಟಿ ಕೇಳಿಸಿತು. ಫೋನು ಕಸಿದುಕೊಂಡು ನೋಡಿದಳು. "ಬಾಗಲಿಗಿ ಚಿಲಕಿಲ್ಲ, ಬಾರ ಒಳಗ ಗೆಳತಿ" ಎಂದು ಒಬ್ಬ ಕಣ್ಣು ಹೊಡೆಯುತ್ತಿದ್ದ, ಒಬ್ಬ ಹುಡುಗಿ ಸೊಂಟ ಕುಣಿಸುತ್ತಿದ್ದಳು. ಕೆಳಗೆ 'ಸಾಹಿತ್ಯ: ಜನಪದ' ಎಂದು ಬರೆದಿತ್ತು. ಅಯ್ಯೋ ನಿನ್ನ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದರೆ ಇದೇ. ಸಾಲಿ ಬಿಟ್ಟು ಹೋದ ಆ ಹುಡುಗಿಯ ಅವಮಾನವನ್ನು ತೆಗೆದು ಮದುವೆ ಮೆರವಣಿಗೆಯಲ್ಲಿ ಕುಣಿಯುವ ಹಾಡು ಮಾಡಿಬಿಟ್ಟಿದ್ದರು.

ಮರುದಿನವೇ ಕಾವೇರಿ ಕಾಂತುವಿನ ಸ್ಟುಡಿಯೋದಲ್ಲಿ ನಿಂತಿದ್ದಳು. ಅವನು ಚಹಾ ತರಿಸಿದ. ಅವಳು ಮುಟ್ಟಲಿಲ್ಲ.

"ಆ ಹಾಡು ನಂದು. ತಗೀರಿ ಅದನ್ನ."

"ಸಿಟ್ಟಾಗಬ್ಯಾಡ ತಂಗಿ, ಕುಂದರು. ನಿಂದು ಅಂತ ಹೆಂಗ ಹೇಳ್ತಿ? ಹಾಡಿನಾಗ ನಿನ್ನ ಹೆಸರೆಲ್ಲೈತಿ?"

ಈ ಕಡೆಯ ಹಾಡಿಕೆಯವರು ಪದದ ಕಡೆಯ ನುಡಿಯಲ್ಲಿ, ಅಂದರೆ ಹಾಡಿನ ಕೊನೆಯ ಚರಣದಲ್ಲಿ, ಊರು ಹೇಳಿ, ಕಟ್ಟಿದವರ ಹೆಸರು ಹೇಳಿ ಮುಗಿಸುತ್ತಾರೆ. ರಾಕ್ ಹಾಡಿಗೆ ಅದೆಲ್ಲ ಯಾಕೆ ಎಂದು ಕಾವೇರಿ ಬಿಟ್ಟಿದ್ದಳು.

"ಕಡೀ ನುಡಿ ಇಲ್ಲ, ಹೆಸರಿಲ್ಲ. ಹುಡುಗ್ಯಾರೆಲ್ಲ ಹಾಡಾಕತ್ತಾರ. ಹೆಸರಿಲ್ಲದ್ದು ಜನಪದನವಾ," ಎಂದ ಕಾಂತು, ನಕ್ಕು.

"ನಾ ಇನ್ನೂ ಜೀವಂತ ಅದೀನೋ ಮಂಗ್ಯಾನ ಮಗನ!" ಎಂದು ಕೂಗಿ ಅವಳು ಹೊರಗೆ ಬಂದಳು. ದೂರು ಬರೆದಳು, ಯೂಟ್ಯೂಬಿನವರಿಗೆ ಅರ್ಜಿ ಹಾಕಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಸುರಿದದ್ದು ಲಚ್ಯಾಣದಲ್ಲಿ, ತಾಯಿಯ ಮೇಲೆ. ತಾಯಿ ಹುಚ್ಚವ್ವ ಹರೆಯದಲ್ಲಿ ನಾಗೇಶಿ ಮೇಳದ ಹಾಡುಗಾರ್ತಿ. ಹರದೇಶಿ-ನಾಗೇಶಿ ಎಂದರೆ ಎರಡು ಮೇಳಗಳು ಎದುರಾಬದುರಾ ನಿಂತು ಹಾಡಿನಲ್ಲೇ ಮಾಡುವ ವಾದ. ಹರದೇಶಿಯವರು ಗಂಡು ಮೇಲು ಎನ್ನಬೇಕು, ನಾಗೇಶಿಯವರು ಹೆಣ್ಣು ಮೇಲು ಎನ್ನಬೇಕು. ಹುಚ್ಚವ್ವ ಎದ್ದು ನಿಂತರೆ ಹರದೇಶಿಯವರ ದಪ್ಪು ವಾದ್ಯದ ಸದ್ದು ಅಡಗುತ್ತಿತ್ತಂತೆ.

"ಹೆಸರು ಹಾಕೂದು ನನಗ್ಯಾಕ ಕಲಸಲಿಲ್ಲ ಯವ್ವಾ?" ಎಂದು ಮಗಳು ಹರಿಹಾಯ್ದಳು.

ಹುಚ್ಚವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. "ನಾ ಯಾವಾಗ ಹಾಕೀನಿ, ನಿನಗ ಕಲಸಾಕ?"

"ಅಂದ್ರ?"

"ಬಸಂತರಾಯರ ಪದ ಅಂತ ಹಾಡ್ತಿದ್ನಲ್ಲ, ಅವನ್ನ ಕಟ್ಟಿದಾಕಿ ನಾನ. ಅವರು ಮೇಳದ ಯಜಮಾನರು, ಹೆಸರು ಅವರದು ಹೋಗೂದು. ಪದ್ಧತಿ ಹಂಗಿತ್ತು. ಬಿಡ ಅದನ್ನ, ರೊಟ್ಟಿ ಆರತಾವು, ಉಣ್ಣ ಬಾ."

ಕಾವೇರಿಗೆ ಮೈಯೆಲ್ಲ ಉರಿಯಿತು. ಹೆಣ್ಣು ಮೇಲು, ಹೆಣ್ಣು ಮೇಲು ಎಂದು ಊರೂರಲ್ಲಿ ಗಂಟಲು ಹರಿದುಕೊಂಡು ಗೆದ್ದು, ಕಡೆಯ ನುಡಿಗೆ ಬಂದಾಗ ಗಂಡಿನ ಹೆಸರು ಹಾಡಿ ಕೈ ಮುಗಿಯುವುದು! ಬಸಂತರಾಯ ತೀರಿಹೋಗಿ ಎಷ್ಟೋ ವರ್ಷ. ಹೊಡೆಯೋಣವೆಂದರೆ ಮನುಷ್ಯನೂ ಇಲ್ಲ. ಅವಳು ಉಣ್ಣಲಿಲ್ಲ. ತಾಯಿಗೆ ಒಂದೇ ಮಾತು ಹೇಳಿದಳು.

"ಬಾಗೇವಾಡ್ಯಾಗ ನಮ್ಮ ಕಾರ್ಯಕ್ರಮ ಐತಿ. ನೀ ಬರ್ತಿ. ಹಾಡ್ತಿ. ನಿನ್ನ ಹೆಸರು ಹಾಕಿ ಹಾಡ್ತಿ."

"ಹುಚ್ಚಗಿಚ್ಚ ಹಿಡದೈತೇನ ನಿನಗ?"

"ಹಿಡದೈತಿ."

ಬಸವನ ಬಾಗೇವಾಡಿಯಲ್ಲಿ ಮಹಿಳಾ ಸಂಘದವರ ಕಾರ್ಯಕ್ರಮ. ಮುಕ್ತಾರ ಡ್ರಮ್ಮಿನ ಮೇಲೆ ಮೆಲ್ಲಗೆ ತಾಳ ಹಿಡಿದ, ಕಾವೇರಿ ಗಿಟಾರು ಗುರುಗುಟ್ಟಿಸಿದಳು. ಹುಚ್ಚವ್ವ ಸೆರಗು ಹೊದ್ದು, ಮೈಕಿಗೆ ಹೆದರಿದವಳಂತೆ ಒಂದು ಗೇಣು ದೂರ ನಿಂತಳು. ಆಮೇಲೆ ಬಾಯಿ ತೆಗೆದಳು ನೋಡಿ! ವಯಸ್ಸಿನ ದನಿ, ಒರಟು ದನಿ, ಗಿಟಾರಿಗಿಂತ ಮೇಲೆ ಏರಿತು.

ಹಡದಾಕಿ ಬ್ಯಾಡಾದ ಗಂಡಸಪ್ಪ, ನೀ
ಗಾಳ್ಯಾಗಿಂದ ಉದರಿ ಬಿದ್ದೇನಪ್ಪ?

ಹೆಂಗಸರು ಸಿಳ್ಳೆ ಹೊಡೆದರು. ನುಡಿಯ ಮೇಲೆ ನುಡಿ ಹಾಡುತ್ತ ಹುಚ್ಚವ್ವ ಕಡೆಗೆ ಬಂದಳು, ಕಣ್ಣು ಮುಚ್ಚಿದಳು, ನಾಲಿಗೆ ಅದರ ಪಾಡಿಗೆ ಅದು ಹಾಡಿತು: "ಲಚ್ಯಾಣ ಊರ ಬಸಂತರಾಯರ ಪದ..."

ಕಾವೇರಿಯ ಕೈ ತಂತಿಯ ಮೇಲೆ ನಿಂತುಹೋಯಿತು. ಹುಚ್ಚವ್ವ ಕಣ್ಣು ತೆರೆದಳು. ತಾನೇನು ಹಾಡಿದೆನೆಂದು ಅವಳಿಗೆ ಗೊತ್ತಾಯಿತು. ಜನ ಚಪ್ಪಾಳೆಗೆ ಕೈ ಎತ್ತಿದ್ದರು.

"ತಡೀರಿ," ಎಂದಳು. "ತಪ್ಪಿ ಹಾಡೀನಿ. ಆ ಹೆಸರಲ್ಲ." ಮುಕ್ತಾರನ ಕಡೆ ತಿರುಗಿ, "ಮತ್ತ ಬಾರಸೋ ತಮ್ಮಾ" ಎಂದಳು.

ಮತ್ತೆ ಆ ಸಾಲಿಗೆ ಬಂದಳು. ಬಸಂತರಾಯ ಎಂಬ ಉದ್ದದ ಹೆಸರಿನ ಅಳತೆಗೆ ಕಟ್ಟಿದ ಸಾಲು ಅದು. ಹುಚ್ಚವ್ವ ಎಂದರೆ ಸಾಲು ತುಂಬಲಿಲ್ಲ, ತಾಳದಲ್ಲಿ ಗುಂಡಿ ಬಿತ್ತು. ಬಿದ್ದರೆ ಬೀಳಲಿ ಎಂದು ಅವಳು ಅಂಗಾಲಿನಿಂದ ವೇದಿಕೆಯನ್ನು ದಡದಡ ಒದ್ದು ಆ ಗುಂಡಿ ತುಂಬಿದಳು. "ಲಚ್ಯಾಣ ಊರ ಹುಚ್ಚವ್ವನ ಪದ!" ಕಾವೇರಿ ಅಳುತ್ತ ಗಿಟಾರು ಬಡಿದಳು. ತಾಯಿ ಅಳಲಿಲ್ಲ. ಇಳಿದು ಬಂದು, "ಆತಲ್ಲ ನಿನ್ನ ಹಟ? ಇನ್ನ ಆ ಕಾಂತುನ ಸುದ್ದಿನೂ ಬಿಡ. ಹೋಗಲಿ, ಹಾಡೇನ ಸತ್ತಿಲ್ಲಲ್ಲ" ಎಂದಳು.

ಮುಂದಿನ ವಾರ ತಾಯಿ ಮಗಳು ಇಬ್ಬರೂ ಸಿಂದಗಿಯ ಕಾರ್ಯಕ್ರಮಕ್ಕೆ ಬಸ್ಸಿನಲ್ಲಿ ಹೊರಟಿದ್ದರು. ಹಿಂದಿನ ಸೀಟಿನ ಒಬ್ಬ ಗಂಡಸಿನ ಫೋನಿನಿಂದ, ಬಾಗೇವಾಡಿಯಲ್ಲಿ ಹಾಡಿದ ಹುಚ್ಚವ್ವನ ದನಿ ಬಂತು. ಅವಳು ಹಿಗ್ಗಿ ಮಗಳ ತೊಡೆ ತಟ್ಟಿದಳು, ಕಿವಿಗೊಟ್ಟಳು. ನುಡಿಗಳು ಮುಗಿಯುತ್ತ ಬಂದವು. ಕಡೆಯ ನುಡಿ ಬರುವ ಮೊದಲೇ ಹಾಡು ಪಟ್ಟನೆ ನಿಂತಿತು.

"ಏ ಯಪ್ಪಾ, ಮುಂದಿಂದು ಎಲ್ಲೈತಿ?"

"ಇಷ್ಟ ಐತ್ರಿ ಆಯಿ. ಯಾರೋ ಅಜ್ಜಿ ಹಾಡ್ಯಾಳ್ರಿ. ಜನಪದ ಐತ್ರಿ."

ಕಾವೇರಿ ಫೋನು ಇಸಿದುಕೊಂಡು ನೋಡಿದಳು. ಕಾಂತುವಿನ ಚಾನೆಲ್ಲಲ್ಲ, ಇನ್ಯಾವುದೋ. 'ಹಳ್ಳಿ ಅಜ್ಜಿಯ ಅದ್ಭುತ ಜನಪದ' ಎಂದು ಹಾಕಿದ್ದರು. ಲಕ್ಷಗಟ್ಟಲೆ ಜನ ನೋಡಿದ್ದರು. ಹುಚ್ಚವ್ವ ಎಂಬ ಹೆಸರು ಮೇಲೂ ಇಲ್ಲ, ಕೆಳಗೂ ಇಲ್ಲ.

ಆಗ ಹುಚ್ಚವ್ವ ಸೀಟು ಹಿಡಿದು ಎದ್ದು ನಿಂತಳು. ಇಷ್ಟು ವರ್ಷ ಬಿಡು ಬಿಡು ಎಂದುಕೊಂಡು ಬಂದ ಹೆಂಗಸು ಬಸ್ಸೇ ಅದುರುವಂತೆ ಕೂಗಿದಳು.

"ಜನಪದ ಅಂದ್ರ ಯಾರೋ? ಆಕಿ ಮನಿ ಎಲ್ಲೈತಿ? ಆಕಿನ್ನ ಹಡದಾವರು ಅದಾರೋ ಇಲ್ಲೊ? ನಾ ಹಾಡೀನಿ, ನಾ ಕಟ್ಟೀನಿ, ನನ್ನ ಹೆಸರು ಯಾವ ಹಾಟ್ಯಾ ಕತ್ತರಸಿದ?"

"ಯವ್ವಾ, ಕುಂದರ, ಬಿದ್ದೀಯ," ಎಂದು ಕಾವೇರಿ ಸೆರಗು ಜಗ್ಗಿದಳು. ಸೆರಗು ಜಗ್ಗುವ ಸರದಿ ತನಗೆ ಬಂದದ್ದು ಅವಳಿಗೇ ಹೊಸದು. ಫೋನಿನವನು ಪಾಪ, ತನ್ನ ತಪ್ಪಿಲ್ಲವೆಂದು ಕೈ ಮುಗಿದ.

ಸಿಂದಗಿಯ ವೇದಿಕೆಯಲ್ಲಿ ಆ ಸಂಜೆ ಹುಚ್ಚವ್ವ ಮೈಕಿನಿಂದ ಗೇಣು ದೂರ ನಿಲ್ಲಲಿಲ್ಲ. ಅದನ್ನು ಕುತ್ತಿಗೆ ಹಿಡಿದಂತೆ ಹಿಡಿದಳು. ಎದುರಿಗೆ ಎಲ್ಲರ ಕೈಯಲ್ಲೂ ಫೋನುಗಳು ಎದ್ದಿದ್ದವು.

"ಹಿಡೀರಿ, ಚೊಲೊ ಹಿಡೀರಿ," ಎಂದಳು. "ನಾ ಲಚ್ಯಾಣದ ಹುಚ್ಚವ್ವ. ಈಕಿ ನನ್ನ ಮಗಳು ಕಾವೇರಿ, ಚಿಲಕದ ಹಾಡು ಕಟ್ಟಿದಾಕಿ. ಇವತ್ತ ನುಡಿ ನುಡಿಗೂ ನಮ್ಮ ಹೆಸರು ಬರ್ತೈತಿ. ಎಲ್ಲಿಂದ ಕತ್ತರಸ್ತೀರಿ ಕತ್ತರಸ್ರಿ, ನೋಡೂಣು!"