ನನ್ನ ಬೋರ್ಡಿಗೆ ಬಿದ್ದ ಸ್ಕ್ರೂ

ನನ್ನ ಗಂಡನ ಕೈಗೆ ಡ್ರಿಲ್ ಮಷೀನ್ ಕೊಟ್ಟವರು ಯಾರು ಎಂದು ದಯವಿಟ್ಟು ಕೇಳಬೇಡಿ. ನಾನೇ ಕೊಟ್ಟದ್ದು, ಅವರ ಹುಟ್ಟುಹಬ್ಬಕ್ಕೆ. ಅದು ಬಂದ ಮೇಲೆ ಅಟ್ಟೂರಿನ ನಮ್ಮ ಮನೆಯಲ್ಲಿ ತೂತಿಲ್ಲದ ಗೋಡೆ ಉಳಿದಿಲ್ಲ. ಗೋಡೆ ಇಬ್ಬರದೂ ಹೌದು, ಹಾಳಾಗಿ ಹೋಗಲಿ. ಆದರೆ ಪ್ಯಾಡಲ್ ಬೋರ್ಡ್ ನನ್ನದು.

ನಿಂತುಕೊಂಡು ಹುಟ್ಟು ಹಾಕುತ್ತ ನೀರಿನ ಮೇಲೆ ಸಾಗುವ ಉದ್ದನೆಯ ಹಲಗೆ ಅದು. ಒಳಗೆ ಥರ್ಮಾಕೋಲಿನಂಥ ಫೋಮ್, ಹೊರಗೆ ಫೈಬರ್ ಹೊದಿಕೆ. ಐವತ್ತೆರಡನೇ ವಯಸ್ಸಿನಲ್ಲಿ ಕಲಿತೆ. ಅಲ್ಲಾಳಸಂದ್ರ ಕೆರೆಯ ಸುತ್ತ ನಡೆಯಬಹುದೇ ಹೊರತು ಇಳಿಯುವಂತಿಲ್ಲ. ಹಾಗಾಗಿ ಭಾನುವಾರ ಬೆಳಗ್ಗೆ ಬೋರ್ಡನ್ನು ಕಾರಿನ ಮೇಲೆ ಕಟ್ಟಿಕೊಂಡು ದೇವನಹಳ್ಳಿಯಾಚೆಯ ಒಂದು ಕೆರೆಗೆ ಹೋಗುತ್ತೇನೆ. ಆ ಒಂದು ಗಂಟೆ ಸಾಸಿವೆ ಡಬ್ಬ ಎಲ್ಲಿದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ.

ಕಳೆದ ಆಯುಧಪೂಜೆಗೆ ಕಾರು, ಸ್ಕೂಟರು, ಮಿಕ್ಸಿಯ ಜೊತೆ ಬೋರ್ಡಿಗೂ ಕುಂಕುಮವಿಟ್ಟು ಹೂ ಮುಡಿಸಿದೆ. ಅಡುಗೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಬೋರ್ಡಿನ ಮೂತಿಯ ಮೇಲೆ ಗಣಪನ ಹಿತ್ತಾಳೆ ಬಿಲ್ಲೆ ಕೂತಿತ್ತು. ಮಧ್ಯೆ ಒಂದು ಉದ್ದನೆಯ ಸ್ಕ್ರೂ.

“ಗಾಡಿ ಅಂದ್ಮೇಲೆ ದೇವ್ರು ಬೇಡ್ವೇನೇ? ನೀರಲ್ಲಿ ಹೋಗ್ತೀಯ, ನಂಗೆ ಭಯ” ಎಂದರು ಗಂಡ.

ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನಾಲಿಗೆಯ ತುದಿಗೆ ಬಂದದ್ದನ್ನು ಹಬ್ಬದ ದಿನವೆಂದು ನುಂಗಿಕೊಂಡೆ. ನುಂಗಿದ್ದೇ ನನ್ನ ತಪ್ಪು.

ಆಮೇಲೆ ವಾರ ವಾರಕ್ಕೂ ಬೋರ್ಡು ಭಾರವಾಗತೊಡಗಿತು. ಕಾರಿನ ಮೇಲೆ ಎತ್ತಿಡುವಾಗ ನಡುವೆ ಒಮ್ಮೆ ಕೆಳಗಿಳಿಸಬೇಕಾಗುತ್ತಿತ್ತು. ಕೆರೆಯಲ್ಲಿ ಆಯ ತಪ್ಪಿ ಎರಡು ಸಲ ಬಿದ್ದೆ. “ವಯಸ್ಸಾಯ್ತು ಕಣೇ, ಒಪ್ಕೋ” ಎಂದು ಗಂಡ ಕ್ಯಾಲ್ಸಿಯಂ ಮಾತ್ರೆ ತಂದಿಟ್ಟರು. ಒಪ್ಪಿಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲು ಶುರು ಮಾಡಿದೆ. ಬೋರ್ಡ್ ಮಾರಿಬಿಡೋಣ ಎಂದು ಅವರು ಅಂದಾಗ ಹೂಂ ಅಂದೆ. ಅವರೇ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದರು. ಕೊಳ್ಳುವವರು ಭಾನುವಾರ ಬರುವುದೆಂದಾಯಿತು.

ಅದಕ್ಕೆ ಆರು ದಿನ ಮೊದಲು, ಕೊಡುವ ವಸ್ತು ಚೊಕ್ಕಟವಾಗಿರಲಿ ಎಂದು ತಾರಸಿಯ ಮೇಲೆ ಬೋರ್ಡನ್ನು ತೊಳೆದು, ಒರೆಸಿ, ಮಗುಚಿ ಹಾಕಿದೆ. ಒಂದು ಗಂಟೆಯ ನಂತರ ನೋಡಿದರೆ ಬಿಲ್ಲೆಯ ಕೆಳಗೆ ನೆಲ ಒದ್ದೆ. ಒರೆಸಿದೆ. ಮತ್ತೆ ಒದ್ದೆ. ಸ್ಕ್ರೂ ಬಿಚ್ಚಿದೆ, ತುಕ್ಕು ಹಿಡಿದಿತ್ತು. ಹಿಂದೆಯೇ ಕಂದು ನೀರು ತೊಟ್ಟಿಕ್ಕಿತು, ನಿಲ್ಲಲೇ ಇಲ್ಲ.

ನೀರು ಕುಡಿದು ಭಾರವಾದದ್ದು ಬೋರ್ಡು. ಮುದುಕಿಯಾದದ್ದು ನಾನು.

ಗಂಡನನ್ನು ಮೇಲೆ ಕರೆದು ತೋರಿಸಿದೆ.

“ಅಯ್ಯೋ, ಒಂದ್ ಸ್ಕ್ರೂ ತೂತು ಕಣೇ. ಸ್ವಲ್ಪ ಗಮ್ ಹಾಕಿದ್ರೆ ಆಯ್ತು. ತಗೊಳೋರಿಗೆ ಹೇಳೋದ್ ಬೇಡ.”

“ನೀವು ಡ್ರಿಲ್ ಮಷೀನ್ ತಂದ್ಕೊಡಿ, ಸಾಕು. ಬಾಯ್ ಮಾತ್ರ ತೆಗೀಬೇಡಿ.”

ಕೊಡಿಗೇಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಪಾಕ್ಸಿ ಎಂಬ ಗಟ್ಟಿ ಅಂಟು ಕೇಳಿದರೆ ಅಂಗಡಿಯವರು, “ಸಾರ್‌ನ ಕಳ್ಸಿ ಮೇಡಂ, ಹೆಂಗೆ ಕಲ್ಸೋದು ಅಂತ ಅವ್ರಿಗೆ ಹೇಳ್ಕೊಡ್ತೀನಿ” ಎಂದರು. “ಸಾರ್ ಮಾಡಿರೋ ಘನಂದಾರಿ ಕೆಲ್ಸಕ್ಕೇ ಕಣ್ರೀ ಇದು” ಎಂದೆ. ಆಮೇಲೆ ನನಗೇ ಹೇಳಿಕೊಟ್ಟರು.

ನೀರೆಲ್ಲ ಇಳಿಯಲೆಂದು ಬೋರ್ಡನ್ನು ನಾಲ್ಕು ದಿನ ಮೂತಿ ಕೆಳಗೆ ಮಾಡಿ ನೆರಳಲ್ಲಿ ನಿಲ್ಲಿಸಿದೆ. ಅಡಿಯಲ್ಲಿ ಹಾಸಿದ ಪೇಪರು ಒಣಗಿಯೇ ಉಳಿದ ಮೇಲೆ, ಅದೇ ಡ್ರಿಲ್ಲಿನಿಂದ ತೂತನ್ನು ದೊಡ್ಡದು ಮಾಡಿ, ಕೊಳೆತಂತಿದ್ದ ಫೋಮನ್ನು ಹೇರ್‌ಪಿನ್ನಿನಲ್ಲಿ ಕೆರೆದು ತೆಗೆದೆ. ಎಪಾಕ್ಸಿಗೆ ಫೈಬರ್ ಎಳೆಗಳನ್ನು ಸಣ್ಣಗೆ ಕತ್ತರಿಸಿ ಕಲಸಿ, ಗಾಳಿ ನಿಲ್ಲದಂತೆ ಕಡ್ಡಿಯಲ್ಲಿ ಒತ್ತಿ ಒತ್ತಿ ತುಂಬಿದೆ. ಮಾರನೆಯ ದಿನ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಸ್ಯಾಂಡ್ ಪೇಪರಿನಿಂದ ತಿಕ್ಕಿ ನುಣುಪು ಮಾಡುವಾಗ ಗಂಡ ಹಿಂದೆ ಬಂದು ನಿಂತರು.

“ದೇವ್ರನ್ನ ತೆಗೆದ್ಬಿಟ್ಯಾ?”

“ದೇವ್ರ ಮನೇಲಿ ಇಟ್ಟಿದೀನಿ. ಅಲ್ಲಿ ಕೂರೋಕೆ ಸ್ಕ್ರೂ ಬೇಕಾಗಿಲ್ಲ.”

ದೇವರ ಮೇಲೆ ನನಗೆ ಸಿಟ್ಟಿಲ್ಲ.

ಭಾನುವಾರ ಕೊಳ್ಳುವವರು ಬಂದರು. ನಾನು ತಾರಸಿಯಲ್ಲಿದ್ದೆ. ಕೆಳಗೆ ಗೇಟಿನ ಬಳಿ ಗಂಡ ಹೇಳುತ್ತಿದ್ದದ್ದು ಕೇಳಿಸಿತು: “ಬೋರ್ಡೇನೋ ಫಸ್ಟ್ ಕ್ಲಾಸು. ನಮ್ಮನೆಯವ್ಳಿಗೆ ವಯಸ್ಸಾಯ್ತು ನೋಡಿ, ಎತ್ತಕ್ಕಾಗಲ್ಲ. ಅದಕ್ಕೇ ಕೊಡ್ತಿರೋದು.”

ಎಲ್ಲ ಗೊತ್ತಿದ್ದೂ ಹೇಳಿದರು. ತೊಟ್ಟಿಕ್ಕಿದ ನೀರನ್ನು ಕಣ್ಣಾರೆ ನೋಡಿದ ಮೇಲೂ ಹೇಳಿದರು. ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಬ್ಬಳೇ ಮೆಟ್ಟಿಲಿಳಿದೆ. ಬಂದವರಿಗೆ, “ಸಾರಿ ಕಣಪ್ಪಾ, ನಿಮ್ಮನ್ನ ಸುಮ್ನೆ ಓಡಾಡ್ಸ್‌ಬಿಟ್ವಿ. ಮಾರ್ತಿಲ್ಲ ನಾನು” ಎಂದೆ. ಗಂಡ ಹಿಡಿದುಕೊಳ್ಳಲು ಮುಂದೆ ಬಂದರು.

“ದಾರಿ ಬಿಡ್ರೀ.”

ಬಿಟ್ಟರು. ನಾನೇ ಎತ್ತಿ ಕಾರಿನ ಮೇಲಿಟ್ಟು ಹಗ್ಗ ಬಿಗಿದೆ.

ತೂತು ಮಾಡಿದ್ದಕ್ಕೆ ಅವತ್ತು ಸಂಜೆಯೇ “ತಪ್ಪಾಯ್ತು” ಅಂದರು. ಗೇಟಿನ ಬಳಿ ಆಡಿದ ಮಾತಿಗೆ ಇನ್ನೂ ಅಂದಿಲ್ಲ.