ಕೊಳದ ಬಳಿ ಇನ್ನೊಂದು ಗಂಟೆ

ಹೈದರಾಬಾದಿನಲ್ಲಿ ನಾನಿದ್ದ ಒಂಬತ್ತು ವರ್ಷಗಳಲ್ಲಿ ಕಾಡಿಗೆ ಹೋದದ್ದು ಎರಡೇ ಸಲ. ಎರಡು ಸಲವೂ ಹೋದದ್ದು ಒಂದೇ ಊರಿಗೆ. ಊರೆಂದರೆ ಊರೂ ಅಲ್ಲ, ನಲ್ಲಮಲ ಕಾಡಿನೊಳಗಿನ ಹದಿನೈದಿಪ್ಪತ್ತು ಗುಡಿಸಲುಗಳ ಗುಂಪು. ಚೆಂಚು ಜನರ ಅಂಥ ಊರನ್ನು ಅಲ್ಲಿ ಪೆಂಟ ಅನ್ನುತ್ತಾರೆ. ನಮ್ಮ ಮೈಸೂರಿನ ಕಡೆ ಹಾಡಿ ಅನ್ನುತ್ತೇವಲ್ಲ, ಹಾಗೆ.

ಆಗ ಮಣಿಕೊಂಡದಲ್ಲಿ ಬಂಡೆ ಒಡೆಯುವ ಸದ್ದು ಬೆಳಗಿನಿಂದ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಬಂಡೆ ಹೋದಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು, ಅಪಾರ್ಟ್‌ಮೆಂಟು ಎದ್ದ ಕೂಡಲೇ ನಮ್ಮಂಥವರು ಬಂದು ತುಂಬಿಕೊಳ್ಳುತ್ತಿದ್ದೆವು. ನಾನು ಇನ್ನಿಬ್ಬರು ಹುಡುಗಿಯರ ಜೊತೆ ಮೂರನೇ ಮಹಡಿಯಲ್ಲಿದ್ದೆ. ಮನೆ, ಕಂಪನಿಯ ಕ್ಯಾಬು, ಕಂಪ್ಯೂಟರು, ಮತ್ತೆ ಕ್ಯಾಬು. ಮೂರು ವರ್ಷ ಕಳೆದರೂ ತೆಲುಗು ಅರ್ಧಂಬರ್ಧ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹೀಗಿರುವಾಗ ಒಂದು ದೊಡ್ಡ ಪ್ರಾಜೆಕ್ಟು ಮುಗಿಯಿತು. ಎಲ್ಲಾದರೂ ಹೋಗಿಬನ್ನಿ ಎಂದು ಮ್ಯಾನೇಜರ್ ನಮ್ಮ ಆರು ಜನರ ತಂಡಕ್ಕೆ ಹೇಳಿದರು. ಉಳಿದವರು ರೆಸಾರ್ಟು ಅಂದರು. ಕಾಡಿನಲ್ಲಿ ನಡೆಯುವುದು, ಚೆಂಚು ಮನೆಯೊಂದರಲ್ಲಿ ತಂಗುವುದು ಎಂಬ ಪ್ರವಾಸದ ಈಮೇಲು ಹುಡುಕಿ ತೋರಿಸಿ ಎಲ್ಲರನ್ನೂ ಒಪ್ಪಿಸಿದವಳು ನಾನು.

ಪ್ರವಾಸ ನಡೆಸುತ್ತಿದ್ದವನು ನಮ್ಮ ವಯಸ್ಸಿನವನೇ, ಕಂಪ್ಯೂಟರ್ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದ. ಒಳ್ಳೆಯ ಮಾತುಗಾರ. ಜೀಪು ಓಡಿಸುತ್ತಿದ್ದವರು ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕೇಳಿಸಿಕೊಂಡು ಕನ್ನಡಿಯಲ್ಲೇ ನಕ್ಕರು.

"ಮೇಡಂ ಕನ್ನಡದವರೇನ್ರಿ? ನಾ ಸೇಡಂ ಕಡ್ಯಾಂವ್ರಿ. ನೀವಿರೋ ಮಣಿಕೊಂಡದಾಗ ಎಷ್ಟೋ ಬಿಲ್ಡಿಂಗಿಗೆ ನಮ್ಮವ್ವ ನಮ್ಮಪ್ಪ ಇಟ್ಟಂಗಿ ಹೊತ್ತಾರ."

ಶ್ರೀಶೈಲದ ರಸ್ತೆ ಬಿಟ್ಟು ಕಾಡಿನ ದಾರಿಯಲ್ಲಿ ಎರಡು ಗಂಟೆ ಕುಲುಕಾಡಿದ ಮೇಲೆ, ಶನಿವಾರ ಮಧ್ಯಾಹ್ನ ಪೆಂಟ ಸಿಕ್ಕಿತು. ಫೋನಿನ ಸಿಗ್ನಲ್ ಅಷ್ಟರಲ್ಲಿ ಸತ್ತುಹೋಗಿತ್ತು, ಅದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮ ಗೈಡು ಆ ಪೆಂಟದವನೇ. ಗಿಡ್ಡನೆಯ ದೇಹ, ಗುಂಗುರು ಕೂದಲಿನ ಗಂಟು, ಕಣ್ಣಲ್ಲಿ ಒಂದು ಬಗೆಯ ಸಂಕೋಚ. ಅವನ ಹೆಂಡತಿ ನಮ್ಮೆಲ್ಲರಿಗೂ ಅಡಿಗೆ ಮಾಡುವವಳು. ಹತ್ತು ಹನ್ನೊಂದರ ಒಬ್ಬ ಮಗಳಿದ್ದಳು.

ಸಂಜೆ ನಾನು ಒಲೆಯ ಬಳಿ ಹೋಗಿ ಕೂತೆ. ಮೂರು ಕಲ್ಲಿನ ಒಲೆ, ಹಸಿ ಸೌದೆ. ಅನ್ನ, ಬೇಳೆ, ನಾಟಿ ಕೋಳಿಯ ಸಾರು, ಎಲ್ಲಾ ಒಬ್ಬಳೇ. ಅವಳು ಆಗಾಗ ಒಲೆಯಿಂದ ಹಿಂದೆ ಸರಿದು ಗೋಡೆಗೆ ಒರಗುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಹೊಗೆ ಅಂದುಕೊಂಡೆ. ಸೌಟು ಇಸಿದುಕೊಳ್ಳುವಾಗ ಅವಳ ಕೈ ತಾಗಿತು, ಸುಡುತ್ತಿತ್ತು. ಬೆಂಕಿಯ ಮುಂದೆ ಇಷ್ಟು ಹೊತ್ತು ಕೂತವಳಲ್ಲವೇ ಅಂದುಕೊಂಡೆ. "ಜ್ವರಮಾ?" ಎಂದು ಕೇಳುವಷ್ಟು ತೆಲುಗು ನನಗೆ ಬರುತ್ತಿತ್ತು. ಕೇಳಲಿಲ್ಲ. ಅವಳು ನಮಗೆಲ್ಲ ಎರಡೆರಡು ಸಲ ಬಡಿಸಿದಳು. ತಾನು ಉಂಡದ್ದನ್ನು ನಾನು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ನಾವು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಗೈಡು ಜೀಪಿನ ಹತ್ತಿರ ಡ್ರೈವರ್ ಜೊತೆ ಪಿಸುಪಿಸು ಮಾತಾಡುತ್ತಿದ್ದ. ಕೆಲಸ ಕೊಡುವವನು ಪ್ರವಾಸದ ಹುಡುಗ, ಅವನನ್ನು ನೇರವಾಗಿ ಕೇಳಲು ಹೆದರಿಕೆ ಇತ್ತೆಂದು ಈಗ ಅನಿಸುತ್ತದೆ. ಡ್ರೈವರ್ ನನ್ನ ಬಳಿ ಬಂದರು.

"ಮೇಡಂ, ಮನ್ಯಾಗ ಆಕಿಗಿ ಭಾಳ ಜ್ವರ ಅಂತ್ರಿ. ರಾತ್ರಿಯೆಲ್ಲಾ ನಡುಗ್ಯಾಳಂತ. ಮಧ್ಯಾಹ್ನದಾಗ ತಿರುಗಿ ಬಂದ್ರ ನಡೀತೈತೇನು ಅಂತ ಕೇಳಾಕತ್ತಾನ್ರಿ."

ಪ್ರವಾಸದ ಹುಡುಗ ಅಲ್ಲೇ ಇದ್ದ. "ಪ್ರೋಗ್ರಾಮಿನಲ್ಲಿ ಸಂಜೆ ನಾಲ್ಕೂವರೆವರೆಗೆ ಇದೆ. ನೀವೇ ಹೇಳಿ, ನಿಮ್ಮ ಇಷ್ಟ" ಅಂದ. ಎಲ್ಲರೂ ನನ್ನ ಮುಖ ನೋಡಿದರು, ಕರೆತಂದವಳು ನಾನಲ್ಲವೇ.

"ಇಷ್ಟು ದೂರ ಬಂದಿದ್ದೇವಲ್ಲ" ಅಂದೆ.

ಡ್ರೈವರ್ ಸುಮ್ಮನಾಗಲಿಲ್ಲ. ಜೀಪು ಹೇಗೂ ಇಲ್ಲೇ ಖಾಲಿ ನಿಂತಿರುತ್ತದೆ, ತಾನು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುತ್ತೇನೆ ಎಂದು ಹುಡುಗನಿಗೆ ಹಿಂದಿಯಲ್ಲಿ ಹೇಳಿದರು. ಗೆಸ್ಟುಗಳು ಕಾಡಿನೊಳಗಿರುವಾಗ ಗಾಡಿ ಕದಲಬಾರದು, ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಏನು ಗತಿ ಎಂದು ಅವನು ಕೇಳಿದ. ಡ್ರೈವರ್ ನನ್ನತ್ತ ತಿರುಗಿದರು. "ನೀವರ ಒಂದ್ ಮಾತು ಹೇಳ್ರಿ ಮೇಡಂ."

ಹುಡುಗನ ಮಾತು ನನಗೆ ಸರಿಯೆನಿಸಿತು. ಬ್ಯಾಗಿನಿಂದ ಜ್ವರದ ಮಾತ್ರೆಯ ಒಂದು ಪಟ್ಟಿ ತೆಗೆದು ಗೈಡಿನ ಕೈಗೆ ಕೊಟ್ಟೆ. ಹೊತ್ತಿಗೊಂದು ಎಂದು ಬೆರಳಿನಲ್ಲಿ ತೋರಿಸಿದೆ. ಅವನು ಓಡಿಹೋಗಿ ಒಳಗೆ ಕೊಟ್ಟುಬಂದ. ಬಂದು ಕೋಲು ಹಿಡಿದು ಮುಂದೆ ನಡೆದ. ಹೊರಡುವಾಗ ನನ್ನ ಮನಸ್ಸು ಹಗುರವಾಗಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಭಾವನೆಯೂ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಇದನ್ನು ಬರೆಯುವುದೇ ಬೇಡ.

ಅವನು ನಮ್ಮನ್ನು ಅವಸರಪಡಿಸಲಿಲ್ಲ. ಕರಡಿ ಕೆದರಿದ ಹುತ್ತ ತೋರಿಸಿದ, ಅಗೆದು ತಿನ್ನುವ ಗೆಡ್ಡೆ ತೋರಿಸಿದ. ಒಂದು ಕಡಿದಾದ ಬಂಡೆಯ ಕೆಳಗೆ ನಿಲ್ಲಿಸಿ ಮೇಲೆ ನೇತಾಡುವ ಹೆಜ್ಜೇನುಗೂಡುಗಳನ್ನು ತೋರಿಸಿದ. ಜೇನು ತೆಗೆಯುವವನು ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ, ಮೇಲೆ ಆ ಹಗ್ಗ ಕಾಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಅಕ್ಕತಂಗಿ ಗಂಡನಿಲ್ಲದವಳಾಗುವುದನ್ನು ಯಾವ ಒಡಹುಟ್ಟಿದವನೂ ಬಯಸುವುದಿಲ್ಲವಲ್ಲ ಎಂದ. ಪ್ರವಾಸದ ಹುಡುಗ ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದಾಗ ನಾವು ವಾಹ್ ಅಂದೆವು. ಯಾರೋ ಅವನನ್ನು ಬಂಡೆಗೆ ಕೈಯಾನಿಸಿ ನಿಲ್ಲಲು ಹೇಳಿ ಫೋಟೋ ತೆಗೆದರು. ನಿಂತ.

ಮಧ್ಯಾಹ್ನ ಒಂದು ಕೊಳದ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲಿನ ಬಣ್ಣ ಕಾಣುತ್ತಿತ್ತು. ಬೂಟು ಬಿಚ್ಚಿ ಕಾಲು ಇಳಿಬಿಟ್ಟೆ. ಮೂರು ವರ್ಷಗಳ ಆಯಾಸವೆಲ್ಲ ಆ ನೀರಿಗೆ ಇಳಿದುಹೋದಂತಾಯಿತು. ಎರಡು ಗಂಟೆಯ ಹೊತ್ತಿಗೆ ಗೈಡು ಎದ್ದು ನಿಂತ. ಕೋಲು ಹಿಡಿದು ದಾರಿಯ ಕಡೆ ನೋಡುತ್ತ ನಿಂತ, ಅಷ್ಟೆ.

"ಇನ್ನೊಂದು ಗಂಟೆ ಇರೋಣ. ಪ್ಲೀಸ್" ಅಂದೆ. ನಗುತ್ತಲೇ ಅಂದೆ.

ಹುಡುಗ ತೆಲುಗಿನಲ್ಲಿ ಹೇಳಿದ. ಗೈಡು "ಪರವಾಲೇದಮ್ಮಾ" ಅಂದ. ಪರವಾಗಿಲ್ಲಮ್ಮ ಎಂದು. ಮತ್ತೆ ಕುಕ್ಕರುಗಾಲಲ್ಲಿ ಕೂತುಕೊಂಡ.

ನಾವು ಪೆಂಟಕ್ಕೆ ಮರಳಿದಾಗ ಅವನ ಗುಡಿಸಲಿನ ಮುಂದೆ ಹೆಂಗಸರು ನೆರೆದಿದ್ದರು. ದೂರದಿಂದಲೇ ಅದನ್ನು ಕಂಡು ಅವನು ಕೋಲು ಎಸೆದು ಓಡಿದ. ಒಳಗೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು, ಕೈಕಾಲು ಆಗಾಗ ಸೆಟೆಯುತ್ತಿತ್ತು. ಡ್ರೈವರ್ ಆಗಲೇ ಜೀಪು ತಿರುಗಿಸಿ ನಿಲ್ಲಿಸಿದ್ದರು. ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿದ್ದರು.

"ಮೇಡಂ, ನೀವು ಕುಂದರ್ರಿ. ತಲಿ ಹಿಡ್ಕೋರಿ."

ನಾನು, ಪ್ರವಾಸದ ಹುಡುಗ, ಗೈಡು ಮತ್ತು ಸುದ್ದಿ ಕೇಳಿ ಪಕ್ಕದ ಪೆಂಟದಿಂದ ಬಂದಿದ್ದ ಅವಳ ತಮ್ಮ ಇಷ್ಟೇ ಜನ ಹೊರಟೆವು. ಉಳಿದ ಐವರು ಪೆಂಟದಲ್ಲೇ ಉಳಿದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಗಂಡ ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತಿದ್ದ. ಜೀಪು ಕುಲುಕಿದಾಗಲೆಲ್ಲ ನಾನು ಅವಳ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ. ಆ ಶಾಖ ಹಿಂದಿನ ಸಂಜೆ ಒಲೆಯ ಬಳಿ ತಾಗಿದ ಶಾಖವೇ. ಒಲೆ ಈಗ ಇರಲಿಲ್ಲ. ಅರಣ್ಯ ಇಲಾಖೆಯ ಗೇಟು ದಾಟಿ ಡಾಂಬರು ರಸ್ತೆಗೆ ಬಂದ ಮೇಲೆ ಅವಳ ಉಸಿರಿನ ಸದ್ದು ಕೇಳುವುದು ನಿಂತಿತು. ರಸ್ತೆ ನುಣುಪಾದ್ದರಿಂದ ಉಸಿರಾಟವೂ ಹಗುರವಾಗಿರಬೇಕು ಎಂದು ನಾನು ನಂಬಿಕೊಂಡೆ. ಮುಂದಿನ ಊರಿನ ಆಸ್ಪತ್ರೆಯಲ್ಲಿ ನರ್ಸು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಡಾಕ್ಟರನ್ನು ಕರೆದಳು. ದಾರಿಯಲ್ಲೇ ಜೀವ ಹೋಗಿದೆ, ಮಲೇರಿಯಾ ಮಿದುಳಿಗೆ ಏರಿರಬಹುದು ಎಂದು ಅವರು ಹೇಳಿದರು.

"ಬೆಳಿಗ್ಗೆಯೇ ಕರೆತಂದಿದ್ದರೆ?" ಎಂದು ನಾನು ಕೇಳಿದೆ.

ವಯಸ್ಸಾದ ಡಾಕ್ಟರು. ನನ್ನ ಬೂಟು, ಟೋಪಿ, ಎದೆಯ ಮೇಲೆ ನೇತಾಡುತ್ತಿದ್ದ ಕ್ಯಾಮೆರಾ ಎಲ್ಲವನ್ನೂ ನೋಡಿದರು. "ಹೇಳಲಿಕ್ಕೆ ಬರುವುದಿಲ್ಲಮ್ಮ" ಅಂದರು. ಹೌದು ಅಂದಿದ್ದರೂ ಇಲ್ಲ ಅಂದಿದ್ದರೂ ಒಂದು ದಾರಿ ಇರುತ್ತಿತ್ತೇನೋ. ಅವರು ಹೇಳಿದ್ದು ನಿಜ. ಆ ನಿಜದ ಜೊತೆಗೇ ನಾನು ಈಗಲೂ ಇದ್ದೇನೆ.

ಗೈಡು ಅಳಲಿಲ್ಲ. ಹೆಂಡತಿಯನ್ನು ಅದೇ ಜೀಪಿಗೆ ಎತ್ತಿದರು. ಈ ಸಲ ತಲೆ ಹಿಡಿದುಕೊಂಡು ಕೂತವನು ಅವಳ ತಮ್ಮ.

ಸೋಮವಾರ ಆಫೀಸಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ಬುಧವಾರ ಪ್ರವಾಸದವರಿಂದ ಒಂದು ಈಮೇಲು ಬಂತು. ಅದು ತಾನಾಗಿಯೇ ಹೋಗುವಂಥ ಈಮೇಲು, ಯಾರೂ ಕೂತು ಕಳಿಸಿದ್ದಲ್ಲ. ಗೈಡು ಹೇಗಿದ್ದರು, ಊಟ ಹೇಗಿತ್ತು, ಒಂದರಿಂದ ಐದರೊಳಗೆ ಗುರುತು ಹಾಕಿ ಎಂದಿತ್ತು. ಊಟದ ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದೆ. ಪಕ್ಕದ ಸೀಟಿನ ಗೆಳತಿ ಬಂದು, ಮೌಸು ನನ್ನ ಕೈಯಿಂದ ತೆಗೆದು, ಅದನ್ನು ಮುಚ್ಚಿದಳು.

ತಿಂಗಳಾಗಿತ್ತೇನೋ, ಡ್ರೈವರ್ ಫೋನ್ ಮಾಡಿದರು. ಆ ಕೆಲಸ ಬಿಟ್ಟು ಈಗ ದಿಲ್‌ಸುಖ್‌ನಗರದ ಒಬ್ಬರ ಲಾರಿ ಓಡಿಸುತ್ತಿದ್ದರಂತೆ.

"ಮೇಡಂ, ಮೊನ್ನೆ ಆ ಕಡಿ ಹೋಗಿದ್ನಿರಿ. ಅವಂದೊಂದು ಮಾತೈತಿ. ನಿಮ್ಮ ಕ್ಯಾಮೆರಾದಾಗ ಆಕಿ ಫೋಟೋ ಐತೇನು ಅಂತ ಕೇಳ್ಯಾನ್ರಿ. ಅವನ ಹತ್ರ ಒಂದೂ ಇಲ್ಲಂತ."

ಆರು ಜನರ ಫೋಟೋಗಳನ್ನೂ ತರಿಸಿಕೊಂಡು ಹುಡುಕಿದೆ. ನೂರಾರು ಇದ್ದವು. ಕೊಳ, ಜೇನುಗೂಡು, ಹುತ್ತ, ನಮ್ಮ ಬೂಟುಗಳು, ನಾವು ಹಾರಿದ್ದು, ನಾವು ನಕ್ಕಿದ್ದು. ಕೋಳಿ ಸಾರಿನದೇ ನಾಲ್ಕು ಫೋಟೋ. ಅದರಲ್ಲೊಂದರಲ್ಲಿ ಸೌಟು ಹಿಡಿದ ಕೈ ಮಣಿಕಟ್ಟಿನವರೆಗೆ ಕಾಣುತ್ತಿತ್ತು. ಕೊನೆಗೆ ಒಂದು ಸಿಕ್ಕಿತು. ನಮ್ಮ ಗುಂಪಿನ ಹಿಂದೆ, ಮೂಲೆಯಲ್ಲಿ, ಬಗ್ಗಿ ಒಲೆ ಊದುತ್ತಿದ್ದಾಳೆ. ಒಂದು ಕೆನ್ನೆ, ಒಂದು ಕಿವಿ, ಉಳಿದದ್ದೆಲ್ಲ ಹೊಗೆ. ದಿಲ್‌ಸುಖ್‌ನಗರದ ಸ್ಟುಡಿಯೋದವನು ನಮ್ಮನ್ನೆಲ್ಲ ಕತ್ತರಿಸಿ ಅವಳಷ್ಟನ್ನೇ ದೊಡ್ಡದು ಮಾಡಿಕೊಟ್ಟ. ಹೊಗೆಯನ್ನೂ ಕಂಪ್ಯೂಟರಿನಲ್ಲಿ ಅಳಿಸಿಬಿಡುತ್ತೇನೆ ಅಂದ. ಅಳಿಸಿದರೆ ಆ ಜಾಗಕ್ಕೆ ಏನು ಬರೆಯುತ್ತೀಯೆಂದು ಕೇಳಿದೆ. ಹೊಗೆಯ ಸಮೇತ ಪ್ರಿಂಟು ತೆಗೆದುಕೊಟ್ಟ.

ಭಾನುವಾರ ಡ್ರೈವರ್ ಜೊತೆ ಬಸ್ಸಿನಲ್ಲಿ ಹೋದೆ. ಡಾಂಬರು ಮುಗಿದಲ್ಲಿಂದ ಮುಂದಕ್ಕೆ ಅವರ ಪರಿಚಯದವರ ಬೈಕು. ಗೈಡು ತಲೆ ಬೋಳಿಸಿದ್ದ, ಗುರುತೇ ಸಿಗಲಿಲ್ಲ. ಗುಡಿಸಲ ಮುಂದೆ ಚಾಪೆ ಹಾಸಿ ಕೂರಿಸಿದ. ಮಗಳು ಅದೇ ಒಲೆಯಲ್ಲಿ ಚಹಾ ಕಾಯಿಸಿ ತಂದುಕೊಟ್ಟಳು. ಫೋಟೋವನ್ನು ಅವನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಹುಡುಗಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, ಆ ಕಿವಿಯ ಮೇಲೆ ಬೆರಳಿಟ್ಟು, "ಅಮ್ಮ" ಅಂದಳು. ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಅತ್ತ. ಹೆಂಗಸರು ಅಳುವ ಹಾಗೆ ಬಾಯಿಬಿಟ್ಟು ಅತ್ತ.

ನನ್ನಿಂದ ತಡೆಯಲಾಗಲಿಲ್ಲ. "ಅವರಿಗೆ ಹೇಳಿ" ಎಂದೆ ಡ್ರೈವರಿಗೆ. "ಆವತ್ತು ನಾನು ಇನ್ನೊಂದು ಗಂಟೆ ಅನ್ನಬಾರದಿತ್ತು. ಬೆಳಿಗ್ಗೆ ಗಾಡಿ ಕಳಿಸಬೇಕಿತ್ತು. ನನ್ನದು ತಪ್ಪಾಯಿತು ಅಂತ ಹೇಳಿ."

ಅವರು ತೆಲುಗಿಗೆ ತಿರುಗಲಿಲ್ಲ. ನನ್ನನ್ನೇ ನೋಡಿದರು.

"ಬ್ಯಾಡ್ರಿ ಮೇಡಂ. ಅದನ್ನ ಹೇಳಿದ್ರ ನಿಮ್ಮ ಮನಸ್ಸು ಹಗುರ ಆಗ್ತೈತಿ. ಅವಂಗೇನ್ ಆಗ್ತೈತಿ? ಆಕಿ ಉಳೀತಿದ್ಲು ಅನ್ನೂದು ಅವಂಗ ಇವತ್ತು ನಾವು ಹೇಳ್ದಂಗ ಆಗ್ತೈತಿ."

ಏನು ಮಾತು ಅದು ಎಂದು ಗೈಡು ಕಣ್ಣೊರೆಸಿಕೊಂಡು ಕೇಳಿದ. ಚಹಾ ಚೆನ್ನಾಗಿದೆ ಅಂತಿದ್ದಾರೆ ಎಂದು ಡ್ರೈವರ್ ತೆಲುಗಿನಲ್ಲಿ ಹೇಳಿದ್ದು ನನಗೆ ತಿಳಿಯಿತು. ಅವನು ಮಗಳನ್ನು ಕರೆದು ಇನ್ನಷ್ಟು ಹಾಕಿಸಿದ.

ಮರಳಿ ಬರುವಾಗ ಬಸ್ಸಿನಲ್ಲಿ ಡ್ರೈವರ್ ಕಿಟಕಿಯ ಬದಿಗೆ ಕೂತಿದ್ದರು. ಊರು ಹತ್ತಿರ ಬಂದಾಗ ತಾವಾಗಿಯೇ ಶುರುಮಾಡಿದರು.

"ಆವತ್ತು ಹಗಲೆಲ್ಲಾ ನಾ ಜೀಪಿನಾಗೇ ಮಲಗಿದ್ನಿರಿ. ಆಕಿ ನರಳೋದು ಕೇಳಸ್ತಿತ್ತು. ಚಾವಿ ನನ್ನ ಕಿಸೇದಾಗ ಇತ್ತು. ಹನ್ನೆರಡರ ಸುಮಾರು ಆ ಹುಡುಗಿ ಬಂದು ಬಾಗಲ ಬಡದ್ಲು. ಸಾಹೇಬ್ರು ಬರ್ಲಿ ತಡಿ ಅಂದೆ." ಅಂಗೈಯಿಂದ ಕಿಟಕಿಯ ಗಾಜು ಒರೆಸಿದರು. "ನಾನೂ ಅವಂಗ ಹೇಳಿಲ್ಲ ನೋಡ್ರಿ. ಹುಡುಗೀನೂ ಹೇಳಿಲ್ಲಂತ ಕಾಣ್ತೈತಿ. ಹೇಳಿದ್ರ ಅಂವ ನನಗ ಚಾಪಿ ಹಾಸ್ತಿದ್ದಿಲ್ಲ."

ನಾನು ಅವರಿಗೆ ಯಾವ ಸಮಾಧಾನವನ್ನೂ ಹೇಳಲಿಲ್ಲ. ಅವರೂ ನನಗೆ ಹೇಳಲಿಲ್ಲ.

ಆ ಪ್ರವಾಸದವರು ಮುಂದೆ ಬೇರೊಂದು ಪೆಂಟಕ್ಕೆ ಜನರನ್ನು ಕರೆದೊಯ್ಯತೊಡಗಿದರೆಂದು ಕೇಳಿದೆ. ಗೈಡು ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ, ಮಗಳನ್ನು ಕರೆದುಕೊಂಡು ಹೆಂಡತಿಯ ತಮ್ಮನಿದ್ದ ಪೆಂಟಕ್ಕೆ ಸೇರಿಕೊಂಡ. ಡ್ರೈವರ್ ಎರಡು ವರ್ಷ ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಿದ್ದರು. ಮೂರನೆಯ ವರ್ಷ ಮಾಡಲಿಲ್ಲ. ನಾನೇ ಮಾಡಿದಾಗ ಆ ನಂಬರು ಬೇರೆ ಯಾರಿಗೋ ಹೋಗಿತ್ತು. ತೆಲುಗಿನಲ್ಲಿ ಒಬ್ಬ ಹೆಂಗಸು, ಯಾರು ಬೇಕಮ್ಮಾ ಎಂದು ಎರಡು ಸಲ ಕೇಳಿದಳು.